ಭೋಂಗಾದ ತಾರು

“ನಾ ಅಧ್ಯಕ್ಷಿ ಇರೂತನಕ ಈ ಭೋಂಗಾದ ತಾರು ಕೀಳೂದಿಲ್ಲ. ನಾನೂ ಕೀಳೂದಿಲ್ಲ, ಮತ್ತೊಬ್ಬರಿಗೂ ಕೀಳಾಕ ಬಿಡೂದಿಲ್ಲ.”

ಸುಗಂಧಾ ಊರಿಗೆ ಈ ಮಾತು ಕೊಟ್ಟದ್ದು ೨೦೧೦ರಲ್ಲಿ, ಗ್ರಾಮ ಪಂಚಾಯತಿ ಅಧ್ಯಕ್ಷೆಯಾದ ದಿನ. ಕೊರಳಲ್ಲಿ ಹಾರ ಇನ್ನೂ ಹಸಿಯಾಗಿತ್ತು. ಬೆರಳ ತುದಿಯಲ್ಲಿ ತಂಬಾಕಿನ ಕಪ್ಪೂ ಇತ್ತು, ಯಾಕೆಂದರೆ ಅಂದು ಬೆಳಿಗ್ಗೆಯೂ ಆಕೆ ಬೀಡಿ ಕಟ್ಟಿಯೇ ಬಂದಿದ್ದಳು. ನಿಪ್ಪಾಣಿ ಸುತ್ತಲಿನ ನಮ್ಮಂಥ ಹಳ್ಳಿಗಳಲ್ಲಿ ಬುದ್ಧವಿಹಾರದ ಓಣಿಯ ಹೆಂಗಸಿಗೆ ಬೀಡಿ ಬಿಟ್ಟರೆ ಕಬ್ಬಿನ ಕೂಲಿ, ಕಬ್ಬಿನ ಕೂಲಿ ಬಿಟ್ಟರೆ ಬೀಡಿ. ಸೀಟು ಮೀಸಲು ಬಂತು, ಆಕೆ ನಿಂತಳು, ಗೆದ್ದಳು.

ಭೋಂಗಾ ಅಂದರೆ ಧ್ವನಿವರ್ಧಕದ ಆ ತಗಡಿನ ಬಾಯಿ, ತಾರು ಅಂದರೆ ಅದರ ವೈರು. ಮದುವೆಗೆ, ಜಯಂತಿಗೆ ಊರಲ್ಲಿ ಕೂಗುವಂಥದು. ಪಂಚಾಯತಿ ಸಭೆಗೂ ಅದನ್ನು ಹಚ್ಚಬೇಕು ಅಂದವಳು ಸುಗಂಧಾ ಒಬ್ಬಳೇ. ಅದಕ್ಕೆ ಕಾರಣ ಇತ್ತು.

ಆಕೆಗಿಂತ ಮುಂಚೆ ಅಧ್ಯಕ್ಷರಾಗಿದ್ದವರು ಸಂಭಾಜಿ ವಸ್ತಾದರು. ಊರ ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸುವವರು, ಅದಕ್ಕೇ ಎಲ್ಲರೂ ವಸ್ತಾದ ಅನ್ನೋದು. ಮನುಷ್ಯ ಕೆಟ್ಟವರಲ್ಲ. ಆದರೆ ಅವರ ಕಾಲದಲ್ಲಿ ಪಂಚಾಯತಿ ನಡೆಯುತ್ತಿದ್ದದ್ದು ಕಚೇರಿಯಲ್ಲಿ ಅಲ್ಲ, ಅವರ ತೋಟದ ಪಂಪಸೆಟ್ಟಿನ ಕೋಣೆಯಲ್ಲಿ. ನಮ್ಮ ಬುದ್ಧವಿಹಾರದ ಓಣಿಗೆ ಬರಬೇಕಾದ ನಲ್ಲಿ ಯಾಕೆ ಬರಲಿಲ್ಲ ಅಂತ ಕೇಳಿದರೆ “ಅದು ಒಳಗಿನ ಮಾತು ಬಿಡ್ರಿ” ಅನ್ನುತ್ತಿದ್ದರು. ಬೀದಿ ದೀಪ ಕೇಳಿದರೂ ಒಳಗಿನ ಮಾತು, ಗಟಾರು ಕೇಳಿದರೂ ಒಳಗಿನ ಮಾತು. ಹೊರಗಿನವರ ಪಾಲಿಗೆ ಉಳಿದದ್ದು ಕೊಡ ಹೊತ್ತು ನಡೆಯುವುದು.

ಸುಗಂಧಾ ಬಂದ ದಿನವೇ ಮೇಜಿನ ಮೇಲೆ ಮೈಕು ಇಡಿಸಿದಳು, ನೀರಿನ ಟಾಕಿಯ ಮೇಲೆ ಎರಡು ಭೋಂಗಾ ಕಟ್ಟಿಸಿದಳು. ಮಂಟಪ-ಸೌಂಡು ಬಾಡಿಗೆಗೆ ಕೊಡುವ ಕಾಕಾಸಾಹೇಬ ಹಳೆಯ ಮಷೀನೊಂದನ್ನು ಪುಕ್ಕಟೆ ಕೊಟ್ಟ. ಯಾರಾದರೂ ಬೇಕಂತಲೇ ನಡುವೆ ಬಂದ್ ಮಾಡಿಯಾರು ಅಂತ ಸುಗಂಧಾ ಆ ಮಷೀನನ್ನು ಸ್ವಿಚ್ಚಿನ ಸಮೇತ ಕಟ್ಟಿಗೆ ಪೆಟ್ಟಿಗೆಯಲ್ಲಿ ಇಡಿಸಿ, ಕೀಲಿ ಜಡಿಸಿ, ಚಾವಿ ಕಾಕಾಸಾಹೇಬನ ಕೈಗೆ ಕೊಟ್ಟಳು. ಮೈಕಿನ ಗುಂಡಿಗೂ ಟೇಪು ಸುತ್ತಿಸಿದಳು. “ನನ್ನ ಕಡೆ ಚಾವಿ ಇದ್ರ ನಾನೂ ನಾಳೆ ಸಂಭಾಜಿ ಮಾಮಾನಂಗ ಆಗ್ತೀನಿ,” ಅಂದಳು. ಸಭೆ ಮುಗಿದ ಮೇಲೆ ಕಾಕಾಸಾಹೇಬನೇ ಪೆಟ್ಟಿಗೆ ತೆಗೆದು ಮಷೀನು ಬಂದ್ ಮಾಡಬೇಕು. ಅಷ್ಟು ಕಟ್ಟುನಿಟ್ಟು.

ಆಮೇಲೆ ನೋಡಬೇಕಿತ್ತು ನಮ್ಮೂರು. ಹೆಂಗಸರು ಕಟ್ಟೆಯ ಮೇಲೆ ತಂಬಾಕಿನ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಸುತ್ತುತ್ತ ಸಭೆ ಕೇಳುವುದು. ಕಬ್ಬಿಗೆ ನೀರು ಬಿಡುತ್ತಿದ್ದವರು ಗುದ್ದಲಿ ಊರಿ ನಿಂತು ಕೇಳುವುದು. ಮುರಗೆಪ್ಪ ಮೆಂಬರರು ನಿದ್ದೆ ಹೊಡೆದದ್ದು ಗೊರಕೆ ಸಮೇತ ಊರಿಗೆಲ್ಲ ಕೇಳಿತು. ಮನೆಗೆ ಹೋದರೆ ಅವರ ಹೆಂಡತಿ, “ಮನ್ಯಾಗ ನಿದ್ದಿ ಬರೂದಿಲ್ಲ ಅಂತೀರಿ, ಪಂಚಾಯತ್ಯಾಗ ಹ್ಯಾಂಗ ಬರ್ತೈತ್ರಿ?” ಅಂದಳಂತೆ. ಒಮ್ಮೆ ಗಟಾರಿನ ಗುತ್ತೇದಾರ ಬಂದು ಸುಗಂಧಾಳ ಕಿವಿಯ ಹತ್ತಿರ ಏನೋ ಗುಸುಗುಸು ಅಂದ. ಆಕೆ ಮೈಕು ಅವನ ಕಡೆ ಸರಿಸಿ, “ಅಣ್ಣಾ, ಜೋರಾಗಿ ಹೇಳ್ರಿ. ಟಾಕಿ ಆಚೆಕಡೆ ಮಂದಿಗೆ ಕೇಳವಲ್ದು,” ಅಂದಳು. ಕಟ್ಟೆ ಕಟ್ಟೆಯ ಮೇಲೆ ನಗೆ. ಮುಂದಿನ ಬೇಸಿಗೆಗೆ ನಮ್ಮ ಓಣಿಗೆ ನಲ್ಲಿ ಬಂತು.

ನಾನು ಪಂಚಾಯತಿ ಎದುರಿಗಿನ ಅಂಗನವಾಡಿಯಲ್ಲಿ ಟೀಚರು. ನನಗೆ ಭೋಂಗಾ ಬೇಕಾಗಿರಲಿಲ್ಲ, ಕಿಟಕಿಯೇ ಸಾಕು. ಹೀಗಾಗಿ ಮುಂದಿನದನ್ನು ಕಣ್ಣಾರೆ ಕಂಡೆ.

ಮರುವರ್ಷ, ಕಬ್ಬಿನ ಹಂಗಾಮು ಮುಗಿಯುವ ಹೊತ್ತು. ಅಂದಿನ ಸಭೆಯಲ್ಲಿ ಪಂಚಾಯತಿ ಹಿಂದಿನ ಖಾಲಿ ಕೋಣೆಯ ವಿಷಯ ಬಂದಿತ್ತು. ತಾಲೀಮಿನ ಹುಡುಗರಿಗೆ ಮಳೆಗಾಲದಲ್ಲಿ ಕಸರತ್ತಿಗೆ ಜಾಗ ಇಲ್ಲ, ಆ ಕೋಣೆ ಕೊಡಿ ಅಂತ ವಸ್ತಾದರು ಅರ್ಜಿ ಕೊಟ್ಟಿದ್ದರು. ಮುಂದಿನ ಸಭೆಯಲ್ಲಿ ಕೊಟ್ಟುಬಿಡೋಣ ಅಂತ ಮಾತಾಯಿತು, ಊರೆಲ್ಲ ಕೇಳಿತು. ಅಷ್ಟರಲ್ಲಿ ಕರೆಂಟು ಹೋಯಿತು. ಭೋಂಗಾ ಸತ್ತಿತು. ಕಾಕಾಸಾಹೇಬನಿಗೆ ತೆಲಸಂಗದಲ್ಲಿ ಮದುವೆಯ ಮಂಟಪ ಹಾಕುವುದಿತ್ತು. ಕರೆಂಟೇ ಇಲ್ಲದ ಮೇಲೆ ಮಷೀನು ಬಂದ್ ಮಾಡುವುದೇನು ಅಂತ ಚಾವಿ ಕಿಸೆಯಲ್ಲೇ ಇಟ್ಟುಕೊಂಡು ಟೆಂಪೋ ಹತ್ತಿ ಹೋದ. ಮೆಂಬರರೂ ಎದ್ದು ಹೋದರು.

ಸುಗಂಧಾ ಒಬ್ಬಳೇ ಕುಳಿತಿದ್ದಳು. ಆಗ ಸಪನಾ ಬಂದಳು. ಭರಮು ಕಾಕಾನ ಸೊಸೆ. ಗಂಡ ಲಾರಿ ಡ್ರೈವರು, ತಿಂಗಳಿಗೊಮ್ಮೆ ಬಂದರೆ ಬಂದ. ಮಗಳು ನನ್ನ ಅಂಗನವಾಡಿಗೇ ಬರುತ್ತಿದ್ದಳು, ಅಂದು ಆ ಕೂಸನ್ನು ಸಂಗಡ ಕರೆದುಕೊಂಡೇ ಬಂದಿದ್ದಳು. ಕಿಟಕಿಯಿಂದ ಕಂಡೆ: ಸಪನಾ ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತಳು. ಸುಗಂಧಾಳೂ ಇಳಿದು ಎದುರಿಗೆ ಕುಳಿತಳು. ಬೀಡಿ ಕಟ್ಟುವಾಗ ಹೇಗೆ ಕೂರುತ್ತಾರೋ ಹಾಗೆ, ಮಂಡಿಗೆ ಮಂಡಿ ತಾಗಿಸಿ. ಬೀಡಿ ಕಟ್ಟುವವರಲ್ಲಿ ಒಂದು ರೂಢಿ ಉಂಟು. ಮೊರದ ಮುಂದೆ ಆಡಿದ ಮಾತನ್ನು, ಎದ್ದು ಸೀರೆ ಜಾಡಿಸುವಾಗ ತಂಬಾಕಿನ ಪುಡಿಯ ಸಂಗಡ ಅಲ್ಲೇ ಜಾಡಿಸಿ ಬಿಡಬೇಕು. ಅತ್ತೆ, ನಾದಿನಿ, ಗಂಡ, ಯಾರ ಬಗ್ಗೆ ಏನೇ ಹೇಳಿಕೊಂಡಿರಲಿ, ಅದು ಮನೆತನಕ ಹೋಗುವುದಿಲ್ಲ. ಹೋದರೆ ಆ ಹೆಂಗಸಿನ ಪಕ್ಕ ಮರುದಿನ ಯಾರೂ ಕೂರುವುದಿಲ್ಲ.

ಸಪನಾ ಬಹಳ ಹೊತ್ತು ಮಾತಾಡಿದಳು. ನನಗೆ ಕೇಳಲಿಲ್ಲ. ಊರಿಗೂ ಕೇಳಲಿಲ್ಲ.

ಆಗ ಕರೆಂಟು ಬಂತು.

ಟಾಕಿಯ ಮೇಲೆ ಭೋಂಗಾ ಗರ್ರ್ ಅಂದಿತು. ಹಿಂದೆಯೇ ಸಪನಾಳ ದನಿ, ಅಳು ತುಂಬಿದ್ದು, ಊರ ನೆತ್ತಿಯ ಮೇಲೆ: “ಇವತ್ತಿಂದ ನಾ ಆ ಮನ್ಯಾಗ ಮಲಗೂದಿಲ್ಲಕ್ಕಾ. ಯಾಕಂದ್ರ—”

ಸುಗಂಧಾ ಎದ್ದ ರೀತಿ ಇನ್ನೂ ಕಣ್ಣ ಮುಂದಿದೆ. ಪೆಟ್ಟಿಗೆಗೆ ಕೀಲಿ, ಮೈಕಿಗೆ ಟೇಪು, ಎಲ್ಲ ತಾನೇ ಮಾಡಿಸಿದ್ದು. ಯೋಚನೆಗೆ ಹೊತ್ತಿರಲಿಲ್ಲ. ಪೆಟ್ಟಿಗೆಯ ಹಿಂದಿನಿಂದ ಟಾಕಿಗೆ ಹೋಗುತ್ತಿದ್ದ ತಾರನ್ನು ಎರಡೂ ಕೈಯಿಂದ ಹಿಡಿದು, ಕಾಲು ಗೋಡೆಗೆ ಕೊಟ್ಟು ಜಗ್ಗಿದಳು. ತಾರು ಕಿತ್ತು ಬಂತು. ಭೋಂಗಾ ನಿಂತಿತು. ಊರೆಲ್ಲ ಹಾಗೇ ತಲೆ ಮೇಲೆತ್ತಿ ನಿಂತಿತ್ತು.

ಸಂಜೆಗೆ ಹಿಂದಿನ ಕೋಣೆಯ ಚಾವಿ ಸಪನಾಳ ಕೈಗೆ ಹೋಯಿತು. ಸುಗಂಧಾ ತಾನೇ ಕಸ ಗುಡಿಸಿಕೊಟ್ಟಳು. ನಾನು ಒಂದು ಚಾಪೆ, ಒಂದು ಕೊಡ ಒಯ್ದು ಕೊಟ್ಟೆ. “ಏನಾತವ್ವಾ?” ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಸುಗಂಧಾ ನನ್ನ ಮುಖ ನೋಡಿದಳು, ಅಷ್ಟೇ. ಕೊಡ ಇಟ್ಟು ಬಂದೆ.

ಮರುದಿನದಿಂದ ಊರಿಗೆ ಬೇರೆ ಕೆಲಸ ಉಳಿಯಲಿಲ್ಲ. ಒಂದು ‘ಯಾಕಂದ್ರ’ದ ಮುಂದೆ ಎಷ್ಟು ಬಗೆಯ ಬಾಲ ಹಚ್ಚಬಹುದೋ ಅಷ್ಟೂ ಹಚ್ಚಿದರು. ಚಹಾದಂಗಡಿಯಲ್ಲಿ, “ಯಾಕ ತಡಾ ಆತಲೇ?” ಅಂದರೆ “ಯಾಕಂದ್ರ—” ಅಂದು ನಿಲ್ಲಿಸಿ ಹಲ್ಲು ಕಿಸಿಯುವುದು. ಅತ್ತೆಯ ಕಾಟ ಅಂದರು, ಆಕೆಯದೇ ಏನೋ ಗುಟ್ಟಿನ ಭಾನಗಡಿ ಅಂದರು, ಗಂಡನನ್ನು ಬಿಟ್ಟಳು ಅಂದರು, ದೆವ್ವ ಅಂದರು. ನನ್ನನ್ನೂ ಹಿಡಿದರು. “ಟೀಚರ, ಕೂಸು ನಿಮ್ಮ ಕಡೆ ಬರ್ತೈತಲ್ಲ. ಒಂದ ಬಿಸ್ಕೀಟ ಕೊಟ್ಟ ಕೇಳ್ರಿ. ಸಣ್ಣ ಹುಡುಗ್ರು ಸುಳ್ಳ ಹೇಳೂದಿಲ್ಲ.” ಆ ಕೂಸಿನ ತಲೆ ಬಾಚುವಾಗ ನನ್ನ ಮಕ್ಕಳ ಮುಖ ನೆನಪಾಗುತ್ತಿತ್ತು. ಕೇಳಲಿಲ್ಲ.

ಸುಗಂಧಾ ಮುಚ್ಚಿಟ್ಟು ಕೂರಲಿಲ್ಲ. ತಾನೇ ಗ್ರಾಮಸಭೆ ಕರೆದಳು. ಕಾಕಾಸಾಹೇಬನಿಂದ ತಾರು ಜೋಡಣೆ ಮಾಡಿಸಿದಳು. ಅವನು ಟಾಕಿಯಿಂದ ಇಳಿಯುತ್ತ, “ವೈನಿ, ಎಷ್ಟ ಮದಿವಿ ಮಾಡೀನಿ, ಕುಡದ ಬೀಗರ ಕೈಯಾಗೂ ನನ್ನ ತಾರು ಹರಿದಿಲ್ಲ. ನಿಮ್ಮ ಕೈಯಾಗ ಹರೀತು ನೋಡ್ರಿ,” ಅಂದ. “ಬೀಡಿ ದಾರ ಹರಿಯೂ ಕೈ ಅಪ್ಪಾ ಇದು,” ಅಂದಳು. ನಕ್ಕಳು.

ಸಭೆ ಆಲದ ಮರದ ಕೆಳಗೆ. ಇಡೀ ಊರು ಬಂದಿತ್ತು. ಭರಮು ಕಾಕಾ ಮುಂದೆಯೇ ಕುಳಿತಿದ್ದ. ಸಪನಾ ಬಂದಿರಲಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಆದರೆ ಭೋಂಗಾ ಆ ಬಾಗಿಲಿಗೂ ಕೇಳುತ್ತದೆ.

ಸಂಭಾಜಿ ವಸ್ತಾದರು ಎದ್ದರು.

“ಅಧ್ಯಕ್ಷರ, ನಿಮ್ಮ ಭೋಂಗಾಕ್ಕ ನಾ ಮೊದಲ ವಿರೋಧ ಇದ್ದೆ. ಆಮ್ಯಾಲ ಖರೇ ಹೇಳಬೇಕಂದ್ರ ಚಲೋನ ಅನಿಸ್ತು. ಈಗ ಕೇಳ್ತೀನಿ. ತಾರು ಕಿತ್ತಿದ್ದು ಯಾರು?”

“ನಾನ ಕಿತ್ತೀನ್ರಿ ಮಾಮಾ.”

“ಕೀಳೂದಿಲ್ಲ ಅಂತ ಮಾತು ಕೊಟ್ಟಿದ್ದು ಯಾರು?”

“ನಾನ.”

“ತಾಲೀಮಿಗೆ ಕೊಡ್ತೀವಂತ ಊರ ಮುಂದ ಅಂದ ಕೋಣಿ, ಯಾರನ್ನ ಕೇಳಿ ಕೊಟ್ಟಿ?”

“ಯಾರನ್ನೂ ಕೇಳಲಿಲ್ಲ. ಅವತ್ತ ಕೇಳೂವಷ್ಟ ಹೊತ್ತ ಇರಲಿಲ್ಲ. ಅದು ನನ್ನ ತಪ್ಪು. ಅದಕ್ಕ ಸಭಾ ಕರದೀನಿ.”

“ಹಂಗಾರ ಕಾರಣ ಹೇಳು. ಅಕಿ ಏನಂದ್ಲು, ಅದನ್ನ ಈ ಮೈಕಿನ್ಯಾಗ ಹೇಳು.”

“ಅದನ್ನ ಹೇಳೂದಿಲ್ರಿ.”

ಗಲಗಲ ಎದ್ದಿತು. ಹಿಂದಿನಿಂದ ಯಾರೋ, “ಯಾಕಂದ್ರ?” ಅಂದ. ತಾಲೀಮಿನ ಹುಡುಗರು ಕೇಕೆ ಹಾಕಿದರು. ವಸ್ತಾದರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ಅಷ್ಟು ದೊಡ್ಡತನ ಅವರಲ್ಲೂ ಇತ್ತು.

“ನೋಡವ್ವಾ,” ಅಂದರು, ದನಿ ಇಳಿಸಿ. “ನಾ ಒಳಗಿನ ಮಾತು ಅಂದಾಗ ನೀ ನನಗ ಕಳ್ಳ ಅಂದಿ. ಈಗ ನಿಂದೂ ಒಳಗಿನ ಮಾತಾತು. ನಂದು ಕಳವು, ನಿಂದು ಧರ್ಮ, ಇದ ಹ್ಯಾಂಗ? ನಾಳೆ ಯಾಂವ ಬರ್ತಾನ, ಗುತ್ತೇದಾರನ ಸಂಗಟ ಒಳಗ ಕುಂದರ್ತಾನ, ‘ಖಾಸಗಿ ಐತಿ’ ಅಂತಾನ. ಏನ ಮಾಡೋಣು?”

ಮಾತು ಸುಳ್ಳಾಗಿರಲಿಲ್ಲ. ನನ್ನ ಪಕ್ಕದಲ್ಲಿದ್ದ ಬೀಡಿಯ ಹೆಂಗಸರೂ ಹೌದೆಂಬಂತೆ ಮುಖ ಮುಖ ನೋಡಿಕೊಂಡರು. ಸುಗಂಧಾ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಮಾಮಾ, ನೀವ ಕೇಳಿದ್ದು ಬರೋಬ್ಬರಿ ಐತಿ. ನಾನೂ ಇಷ್ಟ ದಿನ ಅದನ್ನ ವಿಚಾರ ಮಾಡೀನಿ. ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ತಾಲೀಮಿನ್ಯಾಗ ದಿನಾ ಮುಂಜಾನೆ ಯಾರ ಮ್ಯಾಲ ಯಾರು ಬಿದ್ರು, ಯಾಂವ ಅತ್ತ, ಯಾಂವ ಅಂಜಿ ಹಿಂದ ಸರದ, ಹೊರಗ ಹೇಳ್ತೀರೇನ್ರಿ?”

“ಅದನ್ನ ಹೇಳಂಗಿಲ್ಲ. ಕೆಂಪಮಣ್ಣಿನ ರೀತಿ ಅದು. ಹೇಳಿದ್ರ ಹುಡುಗರು ಕಲಿಯೂದಿಲ್ಲ.”

“ಆದ್ರ ಜಂಗೀ ಕುಸ್ತಿ?”

“ಅದು ಊರ ಮುಂದ ಆಗಬೇಕು. ಅದಕ್ಕ ಮಂದಿ, ಅದಕ್ಕ ಪಂಚರು.” ಅಂದ ಮೇಲೆ ತಮಗೇ ಏನೋ ಹೊಳೆದಂತೆ ನಿಂತರು. “ಹುಷಾರ ಅದಿ ನೀ. ಆದ್ರ ಅದು ಬ್ಯಾರೆ, ಇದು ಬ್ಯಾರೆ.”

“ಬ್ಯಾರೆ ಖರೇ. ಹಂಗಾರ ಬ್ಯಾರೆದನ್ನ ಬ್ಯಾರೆ ಮಾಡಿ ಹೇಳ್ತೀನಿ.” ಮೈಕನ್ನು ಹತ್ತಿರ ಎಳೆದುಕೊಂಡಳು. “ಕೋಣಿ ಊರಿಂದು. ಯಾರಿಗೆ ಕೊಟ್ಟೆ, ಯಾವಾಗ ಕೊಟ್ಟೆ, ಎಷ್ಟ ದಿನಕ್ಕ, ಎಲ್ಲಾ ಕೇಳ್ರಿ, ಇಲ್ಲೇ ಹೇಳ್ತೀನಿ. ಸಪನಾಗ ಕೊಟ್ಟೀನಿ. ಆಕಿ ಗಂಡ ಬಂದು ಬ್ಯಾರೆ ಮನಿ ಮಾಡೂತನಕ. ನಾ ಆಕಿ ಕಡೆಯಿಂದ ಒಂದ ಬೀಡಿ ಸುದ್ದಾ ತಗೊಂಡಿಲ್ಲ. ಕೊಟ್ಟಿದ್ದ ಬ್ಯಾಡಂದ್ರ ನೀವ ಕೈ ಎತ್ತ್ರಿ, ಈಗಿಂದೀಗ ಆಕಿನ್ನ ನನ್ನ ಮನಿಗೆ ಕರಕೊಂಡ ಹೋಗ್ತೀನಿ. ಇದು ಪಂಚಾಯತಿ ಮಾತು. ಆದ್ರ ಆಕಿ ಅತ್ತಿದ್ದು ಪಂಚಾಯತಿದಲ್ಲ. ಅದನ್ನ ಆಕಿ ನನಗ ಕೊಟ್ಟಿಲ್ಲ, ನನ್ನ ಕಡೆ ಇಟ್ಟಾಳ. ಇಟ್ಟದ್ದನ್ನ ನಾ ಹ್ಯಾಂಗ ಹಂಚಲಿ? ಗುತ್ತೇದಾರಗ ಊರ ರೊಕ್ಕ ಬೇಕಾಗಿರ್ತೈತಿ, ಅದಕ್ಕ ಅವನ ಮಾತು ಊರಿಂದು. ಸಪನಾಗ ಊರಿಂದ ಏನೂ ಬೇಕಾಗಿರಲಿಲ್ಲ. ಮಲಗಾಕ ಒಂದ ಬಾಗಲಾ ಅಷ್ಟ ಬೇಕಾಗಿತ್ತು. ಬಾಗಲಾ ಕೇಳ್ರಿ, ಲೆಕ್ಕ ಕೊಡ್ತೀನಿ. ಕಣ್ಣೀರ ಕೇಳಬ್ಯಾಡ್ರಿ.”

“ಪೊಲೀಸರಿಗಾರ ಹೇಳೀ ಏನು?” ಅಂದರು ವಸ್ತಾದರು.

“ಅದು ಆಕಿ ಇಚ್ಛಾ. ಹೋಗ್ತೀನಂದ್ರ ನಾ ಸಂಗಟ ಹೋಗ್ತೀನಿ. ಹೋಗೂದಿಲ್ಲಂದ್ರ ದೂಡೂದಿಲ್ಲ.”

ಆಗ ವಸ್ತಾದರು ಕೊನೆಯ ಪಟ್ಟು ಹಾಕಿದರು. “ಊರಿಗೆ ಬ್ಯಾಡ. ಆಕಿ ಮಾವ ಇಲ್ಲೇ ಕುಂತಾನ. ಮನಿ ಹಿರೇ ಮನಷ್ಯಾ. ಭರಮುಗರೆ ಕಿವ್ಯಾಗ ಹೇಳು. ಅಂವ ಕೇಳಲಿ.”

ಊರೆಲ್ಲ ಭರಮು ಕಾಕಾನ ಕಡೆ ತಿರುಗಿತು. ಅವನು ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ನಾನು ಸುಗಂಧಾಳನ್ನೇ ನೋಡುತ್ತಿದ್ದೆ. ಆಕೆ ಆ ಕಡೆ ತಿರುಗಲಿಲ್ಲ. ಒಂದು ಸಲ ನೋಡಿದ್ದರೆ ಸಾಕಿತ್ತು: ಕೋಪದಿಂದ ನೋಡಿದರೆ ಒಂದು ಅರ್ಥ, ಮರುಕದಿಂದ ನೋಡಿದರೆ ಇನ್ನೊಂದು ಅರ್ಥ, ಊರು ಆ ನೋಟವನ್ನೇ ಓದಿಕೊಂಡು ‘ಯಾಕಂದ್ರ’ದ ಮುಂದಿನದನ್ನು ತುಂಬಿಬಿಡುತ್ತಿತ್ತು. ಆಕೆಯ ಕುರ್ಚಿಯೂ ಅಲ್ಲಿಗೆ ಉಳಿಯುತ್ತಿತ್ತು, ಚಪ್ಪಾಳೆಯೂ ಬೀಳುತ್ತಿತ್ತು. ಆಕೆ ಆಲದ ಮರದ ಬಿಳಲು ನೋಡುತ್ತ, “ಯಾರ ಕಿವ್ಯಾಗೂ ಹೇಳೂದಿಲ್ರಿ. ಹಿರ್ಯಾರಿಗೂ ಇಲ್ಲ, ಕಿರ್ಯಾರಿಗೂ ಇಲ್ಲ,” ಅಂದಳು. ಮೈಕು ಹಿಡಿದು ಮಾತಾಡುವವರನ್ನು ನಾನು ಬಹಳ ಜನ ಕಂಡಿದ್ದೇನೆ. ಕಣ್ಣನ್ನೂ ಹಿಡಿದಿಟ್ಟುಕೊಂಡವರನ್ನು ಆಕೆಯೊಬ್ಬಳನ್ನೇ ಕಂಡದ್ದು.

ಹಿಂದಿನಿಂದ ಮುದುಕಿ ಅಕ್ಕುತಾಯಿ ಎದ್ದಳು. ನಮ್ಮ ಓಣಿಯ ಅರ್ಧ ಹೆಂಗಸರಿಗೆ ಬೀಡಿ ಕಟ್ಟಲು ಕಲಿಸಿದವಳು. “ಏ ಸಂಭ್ಯಾ,” ಅಂದಳು. ವಸ್ತಾದರನ್ನು ಹಾಗೆ ಕರೆಯುವವಳು ಊರಲ್ಲಿ ಆಕೆಯೊಬ್ಬಳೇ. “ನಿಮ್ಮವ್ವ ನನ್ನ ಬಾಜೂ ಕುಂತ ಬೀಡಿ ಕಟ್ಟತಿದ್ಲು. ಏನೇನ ಹೇಳ್ಯಾಳ, ನನ್ನ ಹೊಟ್ಟ್ಯಾಗ ಐತಿ. ಮೈಕ ಕೊಡ್ತೀ ಏನ, ಹೇಳ್ತೀನಿ?”

ಊರು ಹೊಟ್ಟೆ ಹಿಡಿದು ನಕ್ಕಿತು. ವಸ್ತಾದರೂ ನಕ್ಕುಬಿಟ್ಟರು. “ಕುಂದರಬೇ ಆಯೀ, ಸಾಕು,” ಅಂದರು.

ನಗೆ ನಿಂತ ಮೇಲೆ ಕೈ ಎತ್ತಿಸಿದರು. ಕೋಣೆ ಈ ವರ್ಷಕ್ಕೆ ಸಪನಾಳಿಗೆ ಇರಲಿ ಅನ್ನುವವರು ಅಂದಾಗ ಮೊದಲು ಎದ್ದದ್ದು ತಂಬಾಕಿನಿಂದ ಕಪ್ಪಾದ ಕೈಗಳು, ಆಮೇಲೆ ಹಿಂದೆ ಮುಂದೆ ನೋಡುತ್ತ ಗಂಡಸರವು. ವಸ್ತಾದರು ಎತ್ತಲಿಲ್ಲ. ಆದರೂ ಠರಾವು ಆಯಿತು.

“ಒಂದ ಠರಾವ ಉಳೀತು,” ಅಂದರು ವಸ್ತಾದರು. “ಅಧ್ಯಕ್ಷರು ಊರಿಗೆ ಕೊಟ್ಟ ಮಾತು ಮುರದಾರ. ಅದನ್ನೂ ಬರೀರಿ.”

ಪಿಡಿಓ ಸಾಹೇಬರು ಪೆನ್ನು ಹಿಡಿದು ಸುಗಂಧಾಳ ಮುಖ ನೋಡಿದರು. ಯಾರೂ ಕೈ ಎತ್ತುವ ಹಾಗೆ ಕಾಣಲಿಲ್ಲ, ವಸ್ತಾದರದೊಂದೇ ಕೈ ಮೇಲಿತ್ತು. ಆಗ ಸುಗಂಧಾ ಮೈಕು ಕೆಳಗಿಟ್ಟು ತನ್ನ ಕೈ ಎತ್ತಿದಳು. “ಬರೀರಿ ಸಾಹೇಬ್ರ. ಖರೇ ಐತಿ.” ಆಕೆಯ ಕೈ ನೋಡಿ ಉಳಿದವರೂ ಒಬ್ಬೊಬ್ಬರಾಗಿ ಎತ್ತಿದರು. ಆಕೆಯ ವಿರುದ್ಧದ ಠರಾವು ಹೀಗೆ ಆಕೆಯ ಕೈಯಿಂದಲೇ ಪಾಸಾಯಿತು.

ಆಮೇಲೆ ಕಾಕಾಸಾಹೇಬ ಕಚೇರಿಯ ಬಾಗಿಲ ಮೇಲೆ ಒಂದು ಕೆಂಪು ಬಲ್ಬು ಹಚ್ಚಿದ. ಮಷೀನು ಚಾಲೂ ಇದ್ದರೆ ಬಲ್ಬು ಉರಿಯುತ್ತದೆ. ಬಲ್ಬು ಉರಿದಾಗ ಆಡಿದ್ದೆಲ್ಲ ಊರಿನದು. ಉರಿಯದಾಗ ಯಾರಾದರೂ ಬಂದು ಕೂತು ಅತ್ತರೆ ಅವರದು. ಆದರೆ ಆ ಅಳುವಿನಿಂದ ಪಂಚಾಯತಿ ಏನಾದರೂ ಕೊಟ್ಟರೆ, ತೆಗೆದರೆ, ಅದು ಮತ್ತೆ ಕೆಂಪು ಬಲ್ಬಿನ ಕೆಳಗೆ ಬರಲೇಬೇಕು. ಇದನ್ನೂ ಸುಗಂಧಾ ಭೋಂಗಾದಲ್ಲೇ ಊರಿಗೆ ಹೇಳಿದಳು. ಮುರಗೆಪ್ಪ ಮೆಂಬರರಿಗೆ ಮಾತ್ರ ಬಲ್ಬಿನ ಬೆಳಕಿಗೂ ನಿದ್ದೆ ಕೆಡಲಿಲ್ಲ.

ಸಪನಾಳ ಗಂಡ ಬಂದ. ಮಳೆಗಾಲ ಕಳೆದ ಮೇಲೆ ರಾಯಬಾಗದಲ್ಲಿ ಮನೆ ಮಾಡಿ ಹೆಂಡತಿ ಮಗಳನ್ನು ಕರೆದುಕೊಂಡು ಹೋದ. ಹೋಗುವ ದಿನ ಸಪನಾ ಚಾವಿಯನ್ನು ಸುಗಂಧಾಳ ಕೈಯಲ್ಲಿಟ್ಟಳು. ಸುಗಂಧಾ ಬಲ್ಬು ಹಚ್ಚಿಸಿ, ಮೈಕಿನ ಮುಂದೆ ಅದನ್ನು ವಸ್ತಾದರ ಕೈಯಲ್ಲಿಟ್ಟಳು. ತಾಲೀಮಿನ ಹುಡುಗರು ಈಗ ಅಲ್ಲೇ ಬೈಠಕ ಹೊಡೆಯುತ್ತಾರೆ. ಅವಧಿ ಮುಗಿದ ಮೇಲೆ ಸುಗಂಧಾ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಕಟ್ಟೆಯ ಮೇಲೆ ಬೀಡಿಗೆ ಕುಳಿತರೆ ಆಕೆಯ ಪಕ್ಕದ ಜಾಗಕ್ಕೆ ಇವತ್ತಿಗೂ ಹೆಂಗಸರ ಜಗಳ. ಸಪನಾ ತವರಿಗೆ ಬಂದಂತೆ ಆಗಾಗ ಬರುತ್ತಾಳೆ, ಇಬ್ಬರೂ ಮಂಡಿಗೆ ಮಂಡಿ ತಾಗಿಸಿ ಕೂರುತ್ತಾರೆ. ‘ಯಾಕಂದ್ರ’ದ ಮುಂದೆ ಏನಿತ್ತು ಅನ್ನೋದು ನನಗೆ ಗೊತ್ತಿಲ್ಲ. ಊರಿಗೂ ಗೊತ್ತಿಲ್ಲ.

ಸುಗಂಧಾ ಭೋಂಗಾದ ತಾರು ಕೀಳೂದಿಲ್ಲ ಅಂತ ಊರಿಗೆ ಮಾತು ಕೊಟ್ಟಿದ್ದಳು. ಕಿತ್ತಳು. ಆ ಮಾತು ಆಕೆ ಮುರಿದಳು.